ವೇಗದ ಜಮಾ-ಖರ್ಚು: ಓಟದ ಕಾರು ಮತ್ತು ಸರಕಿನ ಲಾರಿ

ಹುಲಸೂರ, ಬಸವಕಲ್ಯಾಣ ಮತ್ತು ಹುಮನಾಬಾದ ಭಾಗದ ವ್ಯಾಪಾರ ವಹಿವಾಟು ಬಹುಮಟ್ಟಿಗೆ ಒಂದೇ ಹೆದ್ದಾರಿಯನ್ನು ಅವಲಂಬಿಸಿದೆ. ಪುಣೆಯಿಂದ ಸೊಲ್ಲಾಪುರ ಮಾರ್ಗವಾಗಿ ಬಂದು, ಬಸವಕಲ್ಯಾಣ ತಾಲೂಕನ್ನು ಹಾಯ್ದು, ಹುಮನಾಬಾದನ್ನು ದಾಟಿ ಹೈದರಾಬಾದಿಗೆ ಸಾಗುವ ಈ ರಸ್ತೆಯನ್ನು ಲಾರಿ ಮಾಲೀಕರು ಇಂದಿಗೂ ಹಳೆಯ 9ನೆಯ ಸಂಖ್ಯೆಯಿಂದಲೇ ಗುರುತಿಸುವುದುಂಟು. ಕಾಗದಪತ್ರಗಳಲ್ಲಿ ಅದೀಗ ರಾಷ್ಟ್ರೀಯ ಹೆದ್ದಾರಿ 65. ಹುಲಸೂರಿನ ಸೋಯಾ, ತೊಗರಿಯ ಚೀಲಗಳೂ ಹುಮನಾಬಾದ ಕೈಗಾರಿಕಾ ಪ್ರದೇಶದ ಸರಕೂ ಈ ದಾರಿಯನ್ನೇ ಹಿಡಿಯುತ್ತವೆ. ಇದೇ ಹೆದ್ದಾರಿ ಮುಟ್ಟುವ ಹೈದರಾಬಾದಿನಲ್ಲಿ, ಹುಸೇನ್ ಸಾಗರದ ದಂಡೆಯ ಮೇಲೆ, 2023ರ ಫೆಬ್ರವರಿ 11ರಂದು ಭಾರತದ ಮೊದಲ ಫಾರ್ಮುಲಾ-ಇ ಸ್ಪರ್ಧೆ, ಅಂದರೆ ವಿದ್ಯುತ್ ಕಾರುಗಳ ಓಟ, ನಡೆಯಿತು. ಫ್ರಾನ್ಸಿನ ಜಾನ್-ಎರಿಕ್ ವೆರ್ನ್ ಅದನ್ನು ಗೆದ್ದರು. ಮರುವರ್ಷ ನಡೆಯಬೇಕಿದ್ದ ಓಟ ರದ್ದಾಯಿತು.

ಗಂಟೆಗೆ 300 ಕಿ.ಮೀ. ಓಡುವ ಕಾರಿಗೂ, 60ರಲ್ಲಿ ಸಾಗುವ ತೊಗರಿಯ ಲಾರಿಗೂ ಏನು ಸಂಬಂಧವೆಂದು ಕೇಳುವುದು ಸಹಜ. ಎರಡಕ್ಕೂ ಅನ್ವಯಿಸುವ ನಿಯಮಗಳು ಒಂದೇ ಆಗಿವೆ. ವ್ಯತ್ಯಾಸವಿಷ್ಟೇ: ಓಟದ ಕಾರಿನ ತಂತ್ರಜ್ಞರು ಆ ನಿಯಮಗಳನ್ನು ಗ್ರಾಂ ಮತ್ತು ಸೆಕೆಂಡುಗಳ ಮಟ್ಟದಲ್ಲಿ ಲೆಕ್ಕವಿಡುತ್ತಾರೆ, ಲಾರಿಯ ಮಾಲೀಕರು ತಿಂಗಳ ಕೊನೆಯಲ್ಲಿ ಡೀಸೆಲ್ ಬಿಲ್ಲನ್ನು ಮಾತ್ರ ನೋಡುತ್ತಾರೆ. ವೇಗದ ಲೆಕ್ಕವನ್ನು ಜಮಾ-ಖರ್ಚಿನ ಪುಸ್ತಕದಂತೆ ಬರೆದು ನೋಡಿದರೆ ಆ ಬಿಲ್ಲಿನ ದೊಡ್ಡ ಭಾಗವೊಂದು ಎಲ್ಲಿಂದ ಬಂದಿತೆಂಬುದು ಸ್ಪಷ್ಟವಾಗುತ್ತದೆ.

ವೇಗ ನಿಲ್ಲುವ ಸ್ಥಳ

ಎಂಜಿನಿನ ಅಶ್ವಶಕ್ತಿ ಹೆಚ್ಚಿದಷ್ಟೂ ವಾಹನದ ವೇಗ ಹೆಚ್ಚುತ್ತದೆ ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಇದು ಜಮೆಯ ಬದಿಯನ್ನಷ್ಟೇ ಓದಿ ಲಾಭ ಹೇಳಿದಂತೆ. ಎಂಜಿನು ಕೊಡುವ ಶಕ್ತಿ ಜಮೆ. ಗಾಳಿಯ ತಡೆ, ಟೈರುಗಳ ಉರುಳುವಿಕೆಯ ತಡೆ ಮತ್ತು ಗೇರುಗಳ ಘರ್ಷಣೆ ಖರ್ಚು. ಜಮೆ ಹೆಚ್ಚಿರುವವರೆಗೆ ಉಳಿದ ಶಕ್ತಿ ವಾಹನವನ್ನು ಇನ್ನಷ್ಟು ವೇಗಗೊಳಿಸುತ್ತದೆ. ಯಾವ ವೇಗದಲ್ಲಿ ಜಮೆಯೂ ಖರ್ಚೂ ಸರಿಸಮವಾಗುತ್ತವೆಯೋ ಅದೇ ಆ ವಾಹನದ ಗರಿಷ್ಠ ವೇಗ. ಅಲ್ಲಿಂದ ಮುಂದಕ್ಕೆ ಆಕ್ಸಲರೇಟರನ್ನು ಎಷ್ಟೇ ಒತ್ತಿದರೂ ಉಪಯೋಗವಿಲ್ಲ.

ಖರ್ಚಿನ ಬಾಬುಗಳಲ್ಲಿ ಗಾಳಿಯ ಬಾಬು ಉಳಿದವುಗಳಂತಲ್ಲ. ವಾಹನವು ಇಮ್ಮಡಿ ವೇಗದಲ್ಲಿ ಓಡಿದರೆ ಪ್ರತಿ ಸೆಕೆಂಡಿಗೆ ಇಮ್ಮಡಿ ಗಾಳಿಯನ್ನು ಎದುರಿಸಬೇಕಾಗುತ್ತದೆ. ಜೊತೆಗೆ ಆ ಗಾಳಿಯನ್ನು ಇಮ್ಮಡಿ ರಭಸದಿಂದ ಪಕ್ಕಕ್ಕೆ ಸರಿಸಬೇಕಾಗುತ್ತದೆ. ಎರಡನ್ನು ಎರಡರಿಂದ ಗುಣಿಸಿ ತಡೆಯು ನಾಲ್ಕು ಪಟ್ಟಾಗುತ್ತದೆ. ಆ ನಾಲ್ಕು ಪಟ್ಟು ತಡೆಯ ವಿರುದ್ಧ ಪ್ರತಿ ಸೆಕೆಂಡಿಗೆ ಇಮ್ಮಡಿ ದೂರವನ್ನು ಕ್ರಮಿಸಬೇಕಾದುದರಿಂದ ಬೇಕಾಗುವ ಶಕ್ತಿ ಎಂಟು ಪಟ್ಟು. ಸಾಧಾರಣ ಗಾತ್ರದ ಒಂದು ಕಾರನ್ನು ತೆಗೆದುಕೊಂಡರೆ, ಗಾಳಿಯನ್ನು ಸೀಳುವುದಕ್ಕೇ ಗಂಟೆಗೆ 100 ಕಿ.ಮೀ. ವೇಗದಲ್ಲಿ ಸುಮಾರು 10 ಅಶ್ವಶಕ್ತಿ ಸಾಕಾಗುತ್ತದೆ, 200ರಲ್ಲಿ 83 ಬೇಕು, 300ರಲ್ಲಿ 280. ವೇಗ ಮೂರು ಪಟ್ಟಾಯಿತು, ಖರ್ಚು 27 ಪಟ್ಟಾಯಿತು. ಯಾವ ಸಾಲಗಾರನ ಚಕ್ರಬಡ್ಡಿಯೂ ಇಷ್ಟು ಬೇಗ ಏರಲಾರದು.

ಇದು ಬರಿಯ ಪುಸ್ತಕದ ಲೆಕ್ಕವಲ್ಲವೆಂಬುದಕ್ಕೆ ಬುಗಾಟಿ ಕಂಪನಿಯ ವೇರಾನ್ ಕಾರು ಸಾಕ್ಷಿ. 2005ರ ಮಾದರಿಯಲ್ಲಿ 1,001 ಅಶ್ವಶಕ್ತಿಯಿದ್ದು, ಪರೀಕ್ಷೆಯಲ್ಲಿ ಗಂಟೆಗೆ 408 ಕಿ.ಮೀ. ಮುಟ್ಟಿತು. 2010ರ ಸೂಪರ್ ಸ್ಪೋರ್ಟ್ ಮಾದರಿಯಲ್ಲಿ ಶಕ್ತಿಯನ್ನು 1,200ಕ್ಕೆ ಏರಿಸಲಾಯಿತು. ವೇಗ 431 ಕಿ.ಮೀ. ಆಯಿತು. ಶಕ್ತಿಯಲ್ಲಿ ಶೇಕಡಾ 20ರಷ್ಟು ಹೆಚ್ಚುವರಿ ಹೂಡಿಕೆ, ವೇಗದಲ್ಲಿ ಶೇಕಡಾ 6ಕ್ಕೂ ಕಡಿಮೆ ಪ್ರತಿಫಲ. ಇಷ್ಟೊಂದು ಶಕ್ತಿಯ ಎಂಜಿನು ಹೊರಹಾಕುವ ಶಾಖವನ್ನು ತಣಿಸಲು ಆ ಕಾರಿಗೆ ಹತ್ತು ರೇಡಿಯೇಟರುಗಳನ್ನು ಅಳವಡಿಸಬೇಕಾಯಿತು. ರೇಡಿಯೇಟರಿಗೆ ಗಾಳಿ ಒಳಬರಬೇಕು. ಒಳಬಂದ ಗಾಳಿಯೂ ತಡೆಯೇ. ಅಂದರೆ ಜಮೆಯನ್ನು ಹೆಚ್ಚಿಸಲು ಮಾಡಿದ ಏರ್ಪಾಡು ತಾನೂ ಖರ್ಚಿನ ಬದಿಗೆ ಒಂದು ಸಾಲನ್ನು ಸೇರಿಸುತ್ತದೆ.

ಖರ್ಚನ್ನು ಇಳಿಸುವ ಮಾರ್ಗ ಇನ್ನೊಂದಿದೆ. ವಾಹನದ ಎದುರುಮೈಯ ವಿಸ್ತೀರ್ಣವನ್ನು ಕಡಿಮೆ ಮಾಡುವುದು, ಆಕಾರವನ್ನು ನಯಗೊಳಿಸುವುದು. ಗಾಳಿಯ ತಡೆಯನ್ನು ಅರ್ಧಕ್ಕೆ ಇಳಿಸಿದರೆ ಅದೇ ವೇಗಕ್ಕೆ ಅರ್ಧ ಶಕ್ತಿ ಸಾಕು. ಹೆಚ್ಚು ಬಂಡವಾಳವಿಲ್ಲದವರಿಗೆ ತೆರೆದಿರುವ ದಾರಿ ಇದು. ಕರ್ನಾಟಕದವರಿಗೆ ಪರಿಚಿತವಾದ ಒಂದು ಹೆಸರಿನ ಓಟದ ತಂಡ ಈ ದಾರಿಯಲ್ಲಿ ನಡೆದು ಒಂದು ದಿನ ಗೆಲುವಿನ ಬಾಗಿಲಿನವರೆಗೆ ಹೋಗಿತ್ತು.

ಬೆಲ್ಜಿಯಮ್ಮಿನ ಒಂದು ಭಾನುವಾರ

2007ರಲ್ಲಿ ಬೆಂಗಳೂರಿನ ಯು.ಬಿ. ಸಮೂಹದ ಅಂದಿನ ಅಧ್ಯಕ್ಷ ವಿಜಯ್ ಮಲ್ಯ ಅವರು ಡಚ್ ಉದ್ಯಮಿ ಮಿಖಿಯೆಲ್ ಮೋಲ್ ಅವರೊಡಗೂಡಿ ಸ್ಪೈಕರ್ ಎಂಬ ಫಾರ್ಮುಲಾ-1 ತಂಡವನ್ನು ಸುಮಾರು 88 ದಶಲಕ್ಷ ಯೂರೊಗಳಿಗೆ ಕೊಂಡು, ಅದಕ್ಕೆ ಫೋರ್ಸ್ ಇಂಡಿಯಾ ಎಂದು ಹೆಸರಿಟ್ಟರು. ಇಂಗ್ಲೆಂಡಿನ ಸಿಲ್ವರ್‌ಸ್ಟನ್‌ನಲ್ಲಿ ಕಾರ್ಖಾನೆ. ಕಾರುಗಳ ಹೆಸರಿನಲ್ಲಿದ್ದ ವಿ.ಜೆ.ಎಂ. ಎಂಬುದು ಮಾಲೀಕರ ಹೆಸರಿನ ಅಕ್ಷರಗಳು. ತಂಡ ಚಿಕ್ಕದು, ಬಂಡವಾಳವೂ ಫೆರಾರಿ ಮೊದಲಾದ ದೊಡ್ಡವರಿಗೆ ಹೋಲಿಸಿದರೆ ಅಲ್ಪ. 2008ರ ಇಡೀ ವರ್ಷದಲ್ಲಿ ಅದಕ್ಕೆ ಒಂದೇ ಒಂದು ಅಂಕವೂ ದಕ್ಕಲಿಲ್ಲ.

2009ಕ್ಕೆ ತಂಡವು ಒಂದು ವ್ಯಾಪಾರಿ ನಿರ್ಧಾರ ಕೈಗೊಂಡಿತು. ಎಂಜಿನನ್ನು ಮರ್ಸಿಡಿಸ್‌ನಿಂದ, ಗೇರ್ ಪೆಟ್ಟಿಗೆಯನ್ನು ಮೆಕ್‌ಲಾರೆನ್‌ನಿಂದ ಕೊಳ್ಳುವುದೆಂದೂ, ಸ್ವಂತ ಪರಿಶ್ರಮವನ್ನು ಕಾರಿನ ಆಕಾರದ ಮೇಲೆ ವಿನಿಯೋಗಿಸುವುದೆಂದೂ ಒಪ್ಪಂದವಾಯಿತು. ಹೊರಗೆ ಸಿದ್ಧವಾಗಿ ದೊರೆಯುವುದನ್ನು ಕೊಂಡು, ತನ್ನ ಕೈಯಲ್ಲಿ ಮಾತ್ರ ಆಗುವುದನ್ನು ತಾನು ಮಾಡುವುದು ಸಣ್ಣ ಕೈಗಾರಿಕೆಯವರಿಗೆ ಹೊಸದೇನಲ್ಲ.

ಇಲ್ಲಿ ಓಟದ ಕಾರಿನ ರೆಕ್ಕೆಗಳ ವಿಷಯವನ್ನು ತಿಳಿಯುವುದು ಅವಶ್ಯ. ವಿಮಾನದ ರೆಕ್ಕೆ ಮೇಲಕ್ಕೆ ಎತ್ತಿದರೆ, ಓಟದ ಕಾರಿನ ರೆಕ್ಕೆ ಕೆಳಕ್ಕೆ ಒತ್ತುತ್ತದೆ. ಆ ಒತ್ತಡದಿಂದ ಟೈರುಗಳು ರಸ್ತೆಯನ್ನು ಬಿಗಿಯಾಗಿ ಹಿಡಿಯುತ್ತವೆ, ತಿರುವುಗಳಲ್ಲಿ ವೇಗ ಕಡಿಮೆ ಮಾಡಬೇಕಾಗಿಲ್ಲ. ಆದರೆ ರೆಕ್ಕೆಯನ್ನು ಕಡಿದಾಗಿ ನಿಲ್ಲಿಸಿದಷ್ಟೂ ಗಾಳಿಯ ತಡೆ ಹೆಚ್ಚಿ, ನೇರ ರಸ್ತೆಯಲ್ಲಿ ವೇಗ ಕುಗ್ಗುತ್ತದೆ. ತಿರುವಿನಲ್ಲಿ ಗಳಿಸಿದ್ದನ್ನು ನೇರ ರಸ್ತೆಯಲ್ಲಿ ತೆರಬೇಕು. ಪ್ರತಿಯೊಂದು ಓಟದ ಮೈದಾನಕ್ಕೂ ಈ ಕೊಡು-ಕೊಳ್ಳುವಿಕೆಯ ಲೆಕ್ಕ ಬೇರೆಯಾಗಿರುತ್ತದೆ. ಬೆಲ್ಜಿಯಮ್ಮಿನ ಸ್ಪಾ ಮೈದಾನ 7 ಕಿ.ಮೀ. ಉದ್ದದ್ದು, ನೇರವಾದ ದೀರ್ಘ ಹಾದಿಗಳು ಅದರಲ್ಲಿ ಹೇರಳ. ಅಲ್ಲಿಗೆ ಚಪ್ಪಟೆ ರೆಕ್ಕೆಗಳೇ ಸೂಕ್ತ. ಫೋರ್ಸ್ ಇಂಡಿಯಾದ ವಿ.ಜೆ.ಎಂ. 02 ಕಾರಿನ ಗುಣವೂ ಅದೇ ಆಗಿತ್ತು: ರೆಕ್ಕೆಗಳನ್ನು ಚಪ್ಪಟೆಗೊಳಿಸಿದಾಗ ಅದು ಗಾಳಿಯಲ್ಲಿ ಹಗುರವಾಗಿ ಜಾರುತ್ತಿತ್ತು, ಹಿಡಿತವನ್ನು ಮಾತ್ರ ಅಷ್ಟಾಗಿ ಕಳೆದುಕೊಳ್ಳುತ್ತಿರಲಿಲ್ಲ.

ಅರ್ಹತಾ ಸುತ್ತಿನಲ್ಲಿ ಆ ತಂಡದ ಜಿಯಾನ್‌ಕಾರ್ಲೊ ಫಿಸಿಕೆಲ್ಲಾ ಎಲ್ಲರಿಗಿಂತ ಮುಂದಿನ ಸ್ಥಾನ ಪಡೆದಾಗ ಕ್ರೀಡಾಲೋಕ ಬೆರಗಾಯಿತು. 2009ರ ಆಗಸ್ಟ್ 30, ಭಾನುವಾರ, ಸ್ಪರ್ಧೆ ಆರಂಭವಾಯಿತು. ಮೊದಲ ಸುತ್ತಿನ ಅಪಘಾತದಿಂದಾಗಿ ಸುರಕ್ಷಾ ಕಾರನ್ನು ಇಳಿಸಲಾಗಿ, ಎಲ್ಲರೂ ಒಬ್ಬರ ಹಿಂದೊಬ್ಬರು ನಿಧಾನವಾಗಿ ಸಾಗಬೇಕಾಯಿತು. ಓಟ ಮತ್ತೆ ಮೊದಲಾದ ಕೂಡಲೇ ಉದ್ದನೆಯ ನೇರ ಹಾದಿಯಲ್ಲಿ ಫೆರಾರಿಯ ಕಿಮಿ ರೈಕೊನೆನ್ ಫಿಸಿಕೆಲ್ಲಾರನ್ನು ಹಿಂದಿಕ್ಕಿದರು. ಅಲ್ಲಿಂದ ಕೊನೆಯವರೆಗೂ ಫೋರ್ಸ್ ಇಂಡಿಯಾದ ಕಾರು ಫೆರಾರಿಯ ಬೆನ್ನು ಬಿಡಲಿಲ್ಲ. ಅಂತರ ಒಂದು ಸೆಕೆಂಡಿಗಿಂತ ಕಡಿಮೆ ಇದ್ದಾಗ ಸ್ಪರ್ಧೆ ಮುಗಿಯಿತು. ಎರಡನೆಯ ಸ್ಥಾನ, 8 ಅಂಕಗಳು, ತಂಡದ ಮೊದಲ ಗಳಿಕೆ.

ವೇಗದಲ್ಲಿ ಸಮನಾಗಿದ್ದ ಕಾರನ್ನು ಫೆರಾರಿ ಹಿಂದಿಕ್ಕಿದ ಬಗೆಯನ್ನು ಲೆಕ್ಕಿಗರು ಗಮನಿಸತಕ್ಕದ್ದು. ಆ ವರ್ಷ ಫಾರ್ಮುಲಾ-1ರಲ್ಲಿ ಬ್ರೇಕಿನ ಶಕ್ತಿಯನ್ನು ಸಂಗ್ರಹಿಸಿ ಮರಳಿ ಬಳಸುವ ಕರ್ಸ್ ಎಂಬ ಸಾಧನಕ್ಕೆ ಅನುಮತಿ ದೊರೆತಿತ್ತು. ಪ್ರತಿ ಸುತ್ತಿಗೆ ಗರಿಷ್ಠ 400 ಕಿಲೊಜೂಲ್. ಅದನ್ನು 60 ಕಿಲೊವ್ಯಾಟ್, ಅಂದರೆ 80 ಅಶ್ವಶಕ್ತಿಯ ದರದಲ್ಲಿ, ಆರೂವರೆ ಸೆಕೆಂಡುಗಳಿಗಿಂತ ತುಸು ಹೆಚ್ಚು ಕಾಲ ಬಳಸಬಹುದಿತ್ತು. ಫೆರಾರಿಯಲ್ಲಿ ಈ ಸಾಧನವಿತ್ತು, ಫೋರ್ಸ್ ಇಂಡಿಯಾದಲ್ಲಿ ಇರಲಿಲ್ಲ. 400 ಕಿಲೊಜೂಲ್ ಎಂದರೆ ಅಂಗಡಿಯ ವಿದ್ಯುತ್ ಮೀಟರಿನಲ್ಲಿ 1 ಯುನಿಟ್ಟಿನ ಒಂಬತ್ತನೆಯ ಒಂದು ಭಾಗ. ಅಷ್ಟು ವಿದ್ಯುತ್ತು ಸರಿಯಾದ ಸ್ಥಳದಲ್ಲಿ ಖರ್ಚಾದುದರಿಂದ ಒಂದು ಸ್ಪರ್ಧೆಯ ಗೆಲುವು ಕೈಬದಲಾಯಿತು.

ಹಾಗಾದರೆ ಎಲ್ಲ ತಂಡಗಳೂ ಆ ಸಾಧನವನ್ನು ಏಕೆ ಅಳವಡಿಸಲಿಲ್ಲ? ಅದರ ತೂಕ ಸುಮಾರು 30 ಕಿಲೊ. ಕಾರು ಮತ್ತು ಚಾಲಕ ಸೇರಿ ಕನಿಷ್ಠ ತೂಕ 605 ಕಿಲೊ ಇರಬೇಕೆಂದು ನಿಯಮ. ತಂಡಗಳು ಕಾರನ್ನು ಅದಕ್ಕಿಂತ ಹಗುರವಾಗಿ ಕಟ್ಟಿ, ಉಳಿದ ತೂಕವನ್ನು ಭಾರವಾದ ಲೋಹದ ತುಂಡುಗಳಾಗಿ ಕಾರಿನ ತಳದಲ್ಲಿ, ತಮಗೆ ಬೇಕಾದ ಕಡೆ ಇಡುತ್ತಿದ್ದವು. ಸಮತೋಲವನ್ನು ತಿದ್ದಿಕೊಳ್ಳುವ ಈ ಸ್ವಾತಂತ್ರ್ಯವನ್ನು ಆ ಸಾಧನ ಕಿತ್ತುಕೊಳ್ಳುತ್ತಿತ್ತು. ವರ್ಷವಿಡೀ ನೋಡಿದರೆ ಅದು ಲಾಭವೋ ನಷ್ಟವೋ ಎಂಬುದರಲ್ಲಿ ತಜ್ಞರಲ್ಲಿಯೇ ಒಮ್ಮತವಿರಲಿಲ್ಲ. ಆದರೆ ಆ ಭಾನುವಾರ, ಆ ನೇರ ಹಾದಿಯಲ್ಲಿ, ಅದು ಲಾಭವೇ ಆಗಿತ್ತು.

ಎರಡು ವಾರಗಳ ತರುವಾಯ ಇಟಲಿಯ ಮೋಂಜಾದಲ್ಲಿ, ಅದೂ ನೇರ ಹಾದಿಗಳದೇ ಮೈದಾನ, ಆಡ್ರಿಯನ್ ಸುಟಿಲ್ ಎರಡನೆಯ ಸ್ಥಾನದಿಂದ ಹೊರಟು ನಾಲ್ಕನೆಯವರಾಗಿ ಮುಗಿಸಿದರು. ಆ ದಿನದ ಅತಿ ವೇಗದ ಸುತ್ತೂ ಅವರದಾಯಿತು. ಮುಂದಿನ ಸಿಂಗಾಪುರದ ಬೀದಿ ಓಟ ತಿರುವುಗಳಿಂದ ತುಂಬಿದ್ದು. ಅಲ್ಲಿ ಒಂದು ಅಂಕವೂ ಬರಲಿಲ್ಲ. ಅದೇ ಕಾರು, ಅದೇ ಎಂಜಿನು. ಬದಲಾದದ್ದು ರಸ್ತೆ. ವರ್ಷಾಂತ್ಯಕ್ಕೆ ತಂಡದ ಮೊತ್ತ 13 ಅಂಕಗಳು, ಎಲ್ಲವೂ ಈ ಎರಡು ಮೈದಾನಗಳಿಂದಲೇ ಬಂದವು.

ತಂಡದ ಮುಂದಿನ ಕಥೆ ಎಂಜಿನಿಯರಿಂಗಿಗಿಂತ ಲೆಕ್ಕಪತ್ರಕ್ಕೆ ಸಂಬಂಧಿಸಿದ್ದು. 2016 ಮತ್ತು 2017ರಲ್ಲಿ ಅದು ತಂಡಗಳ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನಕ್ಕೆ ಏರಿತು. ಮರುವರ್ಷ, 2018ರ ಜುಲೈನಲ್ಲಿ, ಸಾಲದ ಹೊರೆಯಿಂದಾಗಿ ಲಂಡನ್ನಿನ ನ್ಯಾಯಾಲಯದ ಮೂಲಕ ಆಡಳಿತಗಾರರ ವಶಕ್ಕೆ ಹೋಯಿತು. ಬಳಿಕ ಹೊಸ ಮಾಲೀಕರ ಕೈಸೇರಿ ಹೆಸರು ಬದಲಾಯಿಸಿಕೊಂಡು, 2021ರಿಂದ ಆಸ್ಟನ್ ಮಾರ್ಟಿನ್ ಎಂದು ಓಡುತ್ತಿದೆ. ಮೈದಾನದಲ್ಲಿ ನಾಲ್ಕನೆಯ ಸ್ಥಾನವೂ ನಗದಿನ ಕೊರತೆಯೂ ಒಂದೇ ಸಂಸ್ಥೆಯಲ್ಲಿ ಏಕಕಾಲಕ್ಕೆ ಇರಬಲ್ಲವು ಎಂಬುದು ಲೆಕ್ಕ ಪರಿಶೋಧಕರಿಗೆ ಅಚ್ಚರಿಯ ವಿಷಯವಲ್ಲ.

ಶಕ್ತಿ ಹುಟ್ಟುವ ಬಗೆ, ಒಂದು ಗ್ರಾಮಿನ ಬೆಲೆ

ಎಂಜಿನು ಮೂಲತಃ ಗಾಳಿಯನ್ನು ಎಳೆದುಕೊಳ್ಳುವ ಪಂಪು. ಎಷ್ಟು ಗಾಳಿ ಒಳಬಂದಿತೋ ಅಷ್ಟೇ ಇಂಧನವನ್ನು ಸುಡಬಹುದು. 2009ರ ಫಾರ್ಮುಲಾ-1 ಎಂಜಿನಿನ ಗಾತ್ರ ಕೇವಲ 2.4 ಲೀಟರ್, ನಮ್ಮ ಭಾಗದ ಸರಕು ಲಾರಿಗಳ ಎಂಜಿನುಗಳಿಗೆ ಹೋಲಿಸಿದರೆ ಅರ್ಧದಷ್ಟು. ಆದರೆ ಅದು ನಿಮಿಷಕ್ಕೆ 18,000 ಸುತ್ತು ತಿರುಗುತ್ತಿತ್ತು; ಲಾರಿಯದು 2,500ರ ಆಸುಪಾಸು. ಪರಿಣಾಮವಾಗಿ ಆ ಚಿಕ್ಕ ಎಂಜಿನು ಪ್ರತಿ ಸೆಕೆಂಡಿಗೆ ಸುಮಾರು 360 ಲೀಟರ್ ಗಾಳಿಯನ್ನು ನುಂಗುತ್ತಿತ್ತು. ಇಷ್ಟು ವೇಗವಾಗಿ ತಿರುಗಲು ಪಿಸ್ಟನ್ನಿನ ಓಡಾಟವನ್ನು 40 ಮಿ.ಮೀ.ನಷ್ಟು ಗಿಡ್ಡವಾಗಿಯೂ ಸಿಲಿಂಡರನ್ನು 98 ಮಿ.ಮೀ. ಅಗಲವಾಗಿಯೂ ಮಾಡಲಾಗಿತ್ತು. ಆದ್ದರಿಂದ ಸುತ್ತುಗಳು ಲಾರಿಗಿಂತ ಏಳು ಪಟ್ಟು ಹೆಚ್ಚಿದ್ದರೂ ಪಿಸ್ಟನ್ನಿನ ಸರಾಸರಿ ವೇಗ ಎರಡೂವರೆ ಪಟ್ಟನ್ನು ಮೀರಲಿಲ್ಲ.

ಬೀದರ ಜಿಲ್ಲೆಯ ಈ ಪ್ರಸ್ಥಭೂಮಿ ಸಮುದ್ರ ಮಟ್ಟದಿಂದ 600 ಮೀಟರಿಗೂ ಹೆಚ್ಚು ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿ ಮುಂಬಯಿಯ ಗಾಳಿಗಿಂತ ಸುಮಾರು ಶೇಕಡಾ 6ರಷ್ಟು ತೆಳುವಾಗಿದೆ. ಟರ್ಬೊ ಇಲ್ಲದ ಎಂಜಿನು ಇಲ್ಲಿ ಅಷ್ಟು ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಗಾಳಿಯ ತಡೆಯೂ ಅಷ್ಟೇ ಕಡಿಮೆಯಾಗುತ್ತದೆ ಎಂಬುದು ಸಮಾಧಾನದ ಸಂಗತಿ.

ಯಂತ್ರಭಾಗಗಳನ್ನು ತಯಾರಿಸುವ ಸಣ್ಣ ಉದ್ದಿಮೆದಾರರಿಗೆ ಈ ವಿಷಯದಲ್ಲಿ ಅತ್ಯಂತ ಉಪಯುಕ್ತವಾದುದು ತಿರುಗುವ ಭಾಗಗಳ ಸಮತೋಲದ ಲೆಕ್ಕ. ಮಧ್ಯಬಿಂದುವಿನಿಂದ 40 ಮಿ.ಮೀ. ದೂರದಲ್ಲಿ ಕೇವಲ 1 ಗ್ರಾಂ ತೂಕ ಒಂದು ಬದಿಗೆ ಹೆಚ್ಚಾಗಿದೆ ಎಂದಿಟ್ಟುಕೊಂಡರೆ, 2,500 ಸುತ್ತಿನಲ್ಲಿ ಅದು ಬೇರಿಂಗನ್ನು ಸುಮಾರು 280 ಗ್ರಾಮಿನಷ್ಟು ಭಾರದಿಂದ ಎಳೆಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. 18,000 ಸುತ್ತಿನಲ್ಲಿ ಅದೇ 1 ಗ್ರಾಂ ಹದಿನಾಲ್ಕೂವರೆ ಕಿಲೊ ಆಗುತ್ತದೆ, ಅದೂ ಸೆಕೆಂಡಿಗೆ 300 ಬಾರಿ ದಿಕ್ಕು ಬದಲಿಸುತ್ತ. ಗಾಳಿಯ ತಡೆಯಂತೆ ಇದೂ ವೇಗದ ವರ್ಗದ ಪ್ರಕಾರ ಏರುತ್ತದೆ. ಹಿಟ್ಟಿನ ಗಿರಣಿಯಲ್ಲಿಯೋ ದಾಲ್ ಮಿಲ್ಲಿನಲ್ಲಿಯೋ ಬೆಲ್ಟಿನ ಗಾಲಿಯನ್ನು ಬದಲಿಸಿ ಯಂತ್ರದ ಸುತ್ತನ್ನು ಒಂದೂವರೆ ಪಟ್ಟು ಹೆಚ್ಚಿಸಿದವರ ಬೇರಿಂಗುಗಳು ಎರಡು ಪಟ್ಟಿಗೂ ಹೆಚ್ಚಿನ ಹೊಡೆತವನ್ನು ತಿನ್ನುತ್ತವೆ ಎಂಬುದು ಇದರಿಂದಲೇ. ಉತ್ಪಾದನೆಯ ಹೆಚ್ಚಳವನ್ನು ಒಂದು ಬದಿಗೆ ಬರೆದಾಗ ಬೇರಿಂಗಿನ ಬಿಲ್ಲನ್ನೂ ಕೆಲಸ ನಿಂತ ದಿನಗಳನ್ನೂ ಇನ್ನೊಂದು ಬದಿಗೆ ಬರೆಯುವವರು ವಿರಳ.

ಓಟದ ತಂಡಗಳು ಅದನ್ನು ಬರೆದೇ ಇಡುತ್ತವೆ. 2009ರಲ್ಲಿ 17 ಸ್ಪರ್ಧೆಗಳಿಗೆ ಪ್ರತಿ ಚಾಲಕನಿಗೆ ಎಂಟೇ ಎಂಜಿನುಗಳೆಂದು ನಿಯಮವಿತ್ತು. ಒಂದು ಎಂಜಿನು ಸರಾಸರಿ ಎರಡು ಸ್ಪರ್ಧೆಗಳಿಗಿಂತ ತುಸು ಹೆಚ್ಚು ಬಾಳಬೇಕು. ಲಾರಿಯ ಎಂಜಿನು ಲಕ್ಷಗಟ್ಟಲೆ ಕಿಲೊಮೀಟರು ಓಡುತ್ತದೆ. ಅದರಲ್ಲಿ ಕೀಳು-ಮೇಲು ಎಣಿಸಬೇಕಾಗಿಲ್ಲ. ಸವಕಳಿಯನ್ನು ಎಷ್ಟು ಕಾಲದ ಮೇಲೆ ಹಂಚಲಾಗಿದೆ ಎಂಬುದಷ್ಟೇ ಭೇದ.

ಗೇರುಗಳ ವಿಷಯವಾಗಿ ಒಂದೇ ಮಾತು ಸಾಕು: ಎಂಜಿನು ತನ್ನ ಪೂರ್ಣ ಶಕ್ತಿಯನ್ನು ಕೊಡುವ ಸುತ್ತು ಮತ್ತು ವಾಹನ ಓಡಬೇಕಾದ ವೇಗ ಒಂದಕ್ಕೊಂದು ಹೊಂದುವಂತೆ ಅನುಪಾತವಿರಬೇಕು. ಇಲ್ಲವಾದರೆ ಜಮೆಯಿದ್ದೂ ಕೈಗೆ ಬಾರದು.

ಟೈರು ಎಂಬ ಜಾಮೀನುದಾರ

ಎಂಜಿನು ಎಷ್ಟೇ ಶಕ್ತಿಶಾಲಿಯಾಗಿರಲಿ, ಆ ಶಕ್ತಿಯು ರಸ್ತೆಗೆ ಇಳಿಯುವುದು ಅಂಗೈಯಗಲದ ನಾಲ್ಕು ರಬ್ಬರಿನ ತುಣುಕುಗಳ ಮೂಲಕ. ಸಾಮಾನ್ಯ ಒಳ್ಳೆಯ ಟೈರು ತನ್ನ ಮೇಲಿನ ಭಾರಕ್ಕೆ ಸಮನಾದ ಬಲವನ್ನು ಮಾತ್ರ ರಸ್ತೆಯ ಮೇಲೆ ಪ್ರಯೋಗಿಸಬಲ್ಲದು. ಈ ಮಿತಿಯೊಳಗೆ, ನಾಲ್ಕೂ ಚಕ್ರಗಳಿಗೆ ಶಕ್ತಿ ಹಂಚಿದ ಕಾರು ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ಮುಟ್ಟಲು 2.8 ಸೆಕೆಂಡು ಬೇಕೇಬೇಕು. ಸಾವಿರ ಅಶ್ವಶಕ್ತಿಯಿದ್ದರೂ ಅದಕ್ಕಿಂತ ಮುಂಚೆ ಸಾಧ್ಯವಿಲ್ಲ, ಚಕ್ರಗಳು ಜಾರುತ್ತವೆ. ಇನ್ನೂ ಬೇಗ ಬೇಕೆಂದರೆ ಅಂಟು ಗುಣದ ರಬ್ಬರು ಬೇಕು, ಅದು ಬೇಗನೆ ಸವೆಯುತ್ತದೆ.

ಗರಿಷ್ಠ ವೇಗದಲ್ಲಿಯೂ ಕೊನೆಯ ಮಾತು ಟೈರಿನದೇ. ಗಂಟೆಗೆ 400 ಕಿ.ಮೀ. ವೇಗದಲ್ಲಿ ಕಾರಿನ ಟೈರಿನ ಮೇಲ್ಮೈಯ ಪ್ರತಿ 1 ಗ್ರಾಂ ರಬ್ಬರು ಸುಮಾರು 3,600 ಗ್ರಾಮಿನ ಬಲದಿಂದ ಕಿತ್ತುಹೋಗಲು ಯತ್ನಿಸುತ್ತಿರುತ್ತದೆ. ಮೇಲೆ ಹೇಳಿದ 431 ಕಿ.ಮೀ. ವೇಗದ ಬುಗಾಟಿಯನ್ನು ಗಿರಾಕಿಗಳಿಗೆ ಮಾರುವಾಗ ಕಂಪನಿಯು ಟೈರುಗಳ ರಕ್ಷಣೆಗಾಗಿ 415ಕ್ಕೆ ಮಿತಿಗೊಳಿಸಿತು. ಕೋಟಿಗಟ್ಟಲೆ ಬೆಲೆಯ ಯಂತ್ರಕ್ಕೆ ಜಾಮೀನು ನಿಂತದ್ದು ರಬ್ಬರು. ಜಾಮೀನುದಾರನ ಶಕ್ತಿಯಷ್ಟೇ ಸಾಲ ಮಂಜೂರಾಯಿತು.

ಬೆಂಗಳೂರಿನ ನಿಧಾನದ ಕಾರು

ವೇಗದ ಕಾರುಗಳ ಚರ್ಚೆಯಲ್ಲಿ ಬೆಂಗಳೂರಿನ ರೇವಾ ಕಾರನ್ನು ನೆನೆಯುವುದು ವಿಚಿತ್ರವೆನಿಸಬಹುದು. ಚೇತನ್ ಮೈನಿ ಅವರ ನೇತೃತ್ವದಲ್ಲಿ ಸಿದ್ಧವಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ಈ ಪುಟ್ಟ ವಿದ್ಯುತ್ ಕಾರು ಗಂಟೆಗೆ 80 ಕಿ.ಮೀ. ದಾಟುತ್ತಿರಲಿಲ್ಲ. ಲಂಡನ್ನಿನಲ್ಲಿ ಅದು ಜಿ-ವಿಝ್ ಎಂಬ ಹೆಸರಿನಿಂದ ಮಾರಾಟವಾಗಿ ಹಾಸ್ಯಕ್ಕೂ ಗುರಿಯಾಯಿತು. ಸೀಸ-ಆಮ್ಲದ ಎಂಟು ಬ್ಯಾಟರಿಗಳೇ ಕಾರಿನ ತೂಕದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿದ್ದವು. ಶಕ್ತಿಯ ಜಮೆ ಅಷ್ಟು ಕಿರಿದಾಗಿದ್ದಾಗ ತಯಾರಕರಿಗೆ ಉಳಿದದ್ದು ಖರ್ಚನ್ನು ಹಿಡಿಯುವ ಮಾರ್ಗವೊಂದೇ: ಪ್ಲಾಸ್ಟಿಕ್ಕಿನ ಹೊರಮೈ, ಕಿರಿಯ ಗಾತ್ರ, ಬ್ರೇಕು ಹಾಕಿದಾಗ ಶಕ್ತಿಯನ್ನು ಬ್ಯಾಟರಿಗೆ ಮರಳಿಸುವ ಏರ್ಪಾಡು. ಈ ಕೊನೆಯದು ಗಮನಾರ್ಹ. ಸ್ಪಾ ಮೈದಾನದಲ್ಲಿ ಫೆರಾರಿಯನ್ನು ಗೆಲ್ಲಿಸಿದ ತತ್ತ್ವವೇ ಅದಕ್ಕೂ ಎಂಟು ವರ್ಷ ಮೊದಲು ಬೆಂಗಳೂರಿನ ಬೀದಿಗಳಲ್ಲಿ ತರಕಾರಿ ತರಲು ಹೋಗುವವರ ಕಾರಿನಲ್ಲಿ ಕೆಲಸ ಮಾಡುತ್ತಿತ್ತು.

2010ರಲ್ಲಿ ಮಹೀಂದ್ರ ಕಂಪನಿ ರೇವಾದ ಬಹುಪಾಲು ಶೇರುಗಳನ್ನು ಕೊಂಡಿತು. 2014ರಲ್ಲಿ ಫಾರ್ಮುಲಾ-ಇ ಆರಂಭವಾದಾಗ ಮಹೀಂದ್ರದ ತಂಡ ಅದರಲ್ಲಿತ್ತು, 2023ರಲ್ಲಿ ಹೈದರಾಬಾದಿನಲ್ಲಿಯೂ ಓಡಿತು. ಆ ವರ್ಷ ಬಂದ ಮೂರನೆಯ ಪೀಳಿಗೆಯ ಕಾರುಗಳಲ್ಲಿ ಮುಂದಿನ ಹಾಗೂ ಹಿಂದಿನ ಮೋಟಾರುಗಳೆರಡೂ ಸೇರಿ 600 ಕಿಲೊವ್ಯಾಟ್ ದರದಲ್ಲಿ ಬ್ರೇಕಿನ ಶಕ್ತಿಯನ್ನು ಮರಳಿ ಪಡೆಯಬಲ್ಲವು; ಓಟಕ್ಕೆ ಬಳಸುವ ಶಕ್ತಿ 300 ಕಿಲೊವ್ಯಾಟ್. ವಸೂಲಿಯ ಸಾಮರ್ಥ್ಯ ವೆಚ್ಚದ ಎರಡು ಪಟ್ಟು. ಹಿಂದಿನ ಚಕ್ರಗಳಿಗೆ ಎಂದಿನ ಘರ್ಷಣೆಯ ಬ್ರೇಕುಗಳನ್ನೇ ಆ ಕಾರಿನಲ್ಲಿ ಕೈಬಿಡಲಾಗಿತ್ತು.

ಹೆದ್ದಾರಿಯ ಲಾರಿಯ ಪುಸ್ತಕ

ಇನ್ನು ಲಾರಿಗೆ ಬರಬಹುದು. ಸರಕು ಸೇರಿ 16 ಟನ್ ತೂಗುವ, ಮುಚ್ಚಿದ ಪೆಟ್ಟಿಗೆಯ ಒಂದು ಲಾರಿ ಸಮತಟ್ಟಾದ ಹೆದ್ದಾರಿಯಲ್ಲಿ ಎಡೆಬಿಡದೆ ಓಡುತ್ತಿದೆ ಎಂದು ಭಾವಿಸಿ ಮಾಡಿದ ಮಾದರಿ ಲೆಕ್ಕವಿದು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಟೈರುಗಳ ತಡೆಗೆ ಸುಮಾರು 21 ಕಿಲೊವ್ಯಾಟ್, ಗಾಳಿಗೆ 15, ಒಟ್ಟು 36. ಗಂಟೆಗೆ 80ರಲ್ಲಿ ಟೈರುಗಳಿಗೆ 28, ಗಾಳಿಗೆ 36, ಒಟ್ಟು 64. ಅರವತ್ತರಲ್ಲಿ ಗಾಳಿ ಎರಡನೆಯ ಬಾಬು, ಎಂಬತ್ತರಲ್ಲಿ ಅದೇ ಮೊದಲನೆಯದು.

150 ಕಿ.ಮೀ. ದಾರಿಗೆ, ಅಂದರೆ ಹುಮನಾಬಾದಿನಿಂದ ಹೈದರಾಬಾದಿನ ಕಡೆಗಿನ ಒಂದು ಓಟಕ್ಕೆ, ಮೊದಲನೆಯ ವೇಗದಲ್ಲಿ ಸುಮಾರು 90 ಯುನಿಟ್ ಶಕ್ತಿ, ಎರಡನೆಯದರಲ್ಲಿ 120 ಯುನಿಟ್ ಬೇಕಾಗುತ್ತದೆ. ಒಂದು ಲೀಟರ್ ಡೀಸೆಲ್ಲಿನಲ್ಲಿ ಸುಮಾರು 10 ಯುನಿಟ್ ಶಾಖವಿದ್ದರೂ ಚಕ್ರಕ್ಕೆ ತಲುಪುವುದು ಮೂರೂವರೆಯಷ್ಟು. ಆದುದರಿಂದ 60ರಲ್ಲಿ 25 ಲೀಟರ್, 80ರಲ್ಲಿ 33 ಲೀಟರ್. ಉಳಿದ ಸಮಯ ಮೂವತ್ತೇಳೂವರೆ ನಿಮಿಷ, ಅದಕ್ಕೆ ತೆತ್ತದ್ದು 8 ಲೀಟರ್ ಡೀಸೆಲ್. ಆ ದಿನದ ದರದಿಂದ ಗುಣಿಸಿದರೆ ಅರ್ಧ ಗಂಟೆಯ ಬೆಲೆ ಸಿಗುತ್ತದೆ. ಆ ಅರ್ಧ ಗಂಟೆಯಿಂದ ಅದೇ ದಿನ ಇನ್ನೊಂದು ಬಾಡಿಗೆ ದೊರೆಯುವುದಾದರೆ ವೇಗವು ಲಾಭದಾಯಕವೇ. ಲಾರಿ ಮಾರುಕಟ್ಟೆಯ ಗೇಟಿನಲ್ಲಿ ಹಮಾಲರಿಗಾಗಿ ಮೂರು ಗಂಟೆ ಕಾಯುವುದಾದರೆ ಅಲ್ಲ. 2015ರ ಅಕ್ಟೋಬರಿನಿಂದ ಹೊಸ ಸಾರಿಗೆ ವಾಹನಗಳಿಗೆ 80 ಕಿ.ಮೀ.ಗೆ ಮಿತಿಗೊಳಿಸುವ ವೇಗ ನಿಯಂತ್ರಕ ಕಡ್ಡಾಯವಾದಾಗ ಸಾರಿಗೆ ವಲಯದಲ್ಲಿ ಬಹಳಷ್ಟು ಅಸಮಾಧಾನ ಕೇಳಿಬಂದಿತ್ತು. ಈ ಲೆಕ್ಕವನ್ನು ನೋಡಿದರೆ ಮಾಲೀಕರಿಗೆ ಲಾಭದ ವೇಗ ಆ ಮಿತಿಗಿಂತಲೂ ಕೆಳಗೇ ಇದೆ.

ಹೆಚ್ಚು ಜನರ ಗಮನಕ್ಕೆ ಬಾರದ ನಷ್ಟ ಇನ್ನೊಂದಿದೆ. ಸರಕು ಇಳಿಸಿ ಬರಿದಾಗಿ ಮರಳುವಾಗ ಲಾರಿ 6 ಟನ್ ಮಾತ್ರ ತೂಗುತ್ತದೆ. ಚಾಲಕನಿಗೆ ಅದು ಹಗುರವೆನಿಸಿ ವೇಗವಾಗಿ ಓಡಿಸುತ್ತಾನೆ. ಟೈರಿನ ತಡೆ ನಿಜವಾಗಿಯೂ ಇಳಿದಿರುತ್ತದೆ. ಆದರೆ ಪೆಟ್ಟಿಗೆಯ ಆಕಾರ ಬದಲಾಗಿಲ್ಲ, ಗಾಳಿಗೆ ಒಳಗೆ ಸರಕಿದೆಯೋ ಇಲ್ಲವೋ ತಿಳಿಯುವುದಿಲ್ಲ. 80ರ ವೇಗದಲ್ಲಿ ಬರಿದಾಗಿ ಮರಳುವ ಲಾರಿ ಪ್ರತಿ ಕಿಲೊಮೀಟರಿಗೆ ಬಳಸುವ ಶಕ್ತಿ, 60ರ ವೇಗದಲ್ಲಿ ತುಂಬು ಹೊರೆ ಹೊತ್ತು ಹೋಗುವಾಗ ಬಳಸಿದ ಶಕ್ತಿಗೆ ಹೆಚ್ಚುಕಡಿಮೆ ಸಮವಾಗಿದೆ! ಬಾಡಿಗೆಯಿಲ್ಲದ ದಾರಿಯಲ್ಲಿ ಬಾಡಿಗೆಯ ದಾರಿಯಷ್ಟೇ ಖರ್ಚು. ಬರಿ ಲಾರಿಯನ್ನೂ 60ರಲ್ಲಿಯೇ ತಂದರೆ ಅದೇ 150 ಕಿ.ಮೀ.ಗೆ ಮತ್ತೆ 8 ಲೀಟರ್ ಉಳಿಯುತ್ತದೆ. ತಿಂಗಳಿಗೆ ಹನ್ನೆರಡು ಸಲ ಹೋಗಿ ಬರುವ ಲಾರಿಗೆ ಎರಡೂ ದಾರಿ ಸೇರಿ ಇದು 190 ಲೀಟರಿನ ಆಸುಪಾಸಿನ ಬಾಬು.

ಚಾಲಕನ ಕೋಣೆಯ ಮೇಲೆ ಕೂಡಿಸುವ ಗಾಳಿತಡೆ ಹಲಗೆಯ ವಿಷಯದಲ್ಲಿಯೂ ಮಾರುವವರ ಮಾತಿಗಿಂತ ದಾರಿಯನ್ನು ನೋಡಿ ನಿರ್ಧರಿಸುವುದು ಲೇಸು. ಅದು ಗಾಳಿಯ ತಡೆಯನ್ನು ಹತ್ತರಲ್ಲಿ ಒಂದು ಪಾಲು ಇಳಿಸಿತೆಂದುಕೊಂಡರೆ, ಹೆದ್ದಾರಿಯಲ್ಲಿ 80ರ ವೇಗದಲ್ಲಿ ಒಟ್ಟು ಖರ್ಚಿನಲ್ಲಿ ಶೇಕಡಾ 5ರಿಂದ 6ರಷ್ಟು, 60ರಲ್ಲಿ ಶೇಕಡಾ 4ರಷ್ಟು ಉಳಿತಾಯವಾದೀತು. ಆದರೆ ಹುಲಸೂರಿನಿಂದ ಬಸವಕಲ್ಯಾಣಕ್ಕೆ ಗಂಟೆಗೆ 30 ಕಿ.ಮೀ. ವೇಗದಲ್ಲಿ ಚೀಲಗಳನ್ನು ಸಾಗಿಸುವ ಗಾಡಿಗೆ ಗಾಳಿಯ ಖರ್ಚು ಒಟ್ಟಿನ ಆರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಅಲ್ಲಿ ಆ ಹಲಗೆ ಕೇವಲ ಅಲಂಕಾರ. ಆ ಗಾಡಿಗೆ ಬೇಕಾದುದು ಟೈರಿನಲ್ಲಿ ಸರಿಯಾದ ಗಾಳಿ. ಗಾಳಿ ಇಳಿದ ಟೈರು ಪ್ರತಿ ಸುತ್ತಿನಲ್ಲಿಯೂ ಹೆಚ್ಚು ಮಡಿಚಿಕೊಂಡು, ಡೀಸೆಲ್ಲಿನ ಶಕ್ತಿಯನ್ನು ಶಾಖವಾಗಿ ಕಳೆಯುತ್ತದೆ. ಮುಟ್ಟಿದರೆ ಕೈಗೆ ಬಿಸಿ ಹತ್ತುತ್ತದೆ. ಒತ್ತಡವನ್ನು ಅಳೆಯಬೇಕಾದದ್ದು ಬೆಳಿಗ್ಗೆ ಗಾಡಿ ಹೊರಡುವ ಮುಂಚೆ, ಟೈರು ತಣ್ಣಗಿರುವಾಗ.